ಅಣ್ಣನ ಮಂಡಿ, ನನ್ನ ಬಿಂದಿಗೆ

ಹೋದ ವಾರ ಸಂತೆಯಿಂದ ತಂದ ಹುರಿಗಡಲೆ ಪೊಟ್ಟಣ ಬಿಚ್ಚಿ, ಕಡಲೆಯನ್ನು ಡಬ್ಬಕ್ಕೆ ಸುರಿದು, ಕಾಗದವನ್ನು ಒಲೆಗೆ ಹಾಕುವ ಮೊದಲು ಎಂದಿನಂತೆ ಓದಿದೆ. ನಾನು ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸಿನವರೆಗೆ. ಅಲ್ಲಿಂದಾಚೆಗಿನ ವಿದ್ಯೆಯೆಲ್ಲ ಪೊಟ್ಟಣದಲ್ಲೇ ಬಂದದ್ದು. ಬೆಲ್ಲದ ಜೊತೆ ರಾಜಕೀಯ ಬರುತ್ತದೆ, ಕಡಲೆಯ ಜೊತೆ ಆಟೋಟ ಬರುತ್ತದೆ. ಬೆಲ್ಲಕ್ಕೆ ಕಾಗದ ಅಂಟಿಕೊಂಡು ಹರಿದುಹೋಗುವುದರಿಂದ ರಾಜಕೀಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ. ಆಟೋಟದಲ್ಲಿ ಮಾತ್ರ ಪರವಾಗಿಲ್ಲ.

ಆ ಕಾಗದದಲ್ಲಿದ್ದದ್ದು ಅಮೆರಿಕದ ಫುಟ್‌ಬಾಲಿನ ಸುದ್ದಿ. ಹೆಸರಿಗೆ ಫುಟ್‌ಬಾಲು, ಕಾಲಲ್ಲಿ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿಯುವುದೇ ಹೆಚ್ಚಂತೆ. ಚೆಂಡು ಕೂಡ ಗುಂಡಗಿಲ್ಲ. ಚಿತ್ರ ನೋಡಿದರೆ ಸುಲಿಯದ ತೆಂಗಿನಕಾಯಿಯ ಹಾಗೇ ಇದೆ. ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದು ಒಬ್ಬನಿರುತ್ತಾನೆ. ಅವನು ಹಿಂದೆ ನಿಂತು ಚೆಂಡನ್ನು ಮುಂದಿನವರಿಗೆ ಎಸೆಯಬೇಕು. ಕೆಲವರು ಮಾತ್ರ ಎಸೆಯುವ ಬದಲು ಕಂಕುಳಲ್ಲಿ ಅವುಚಿಕೊಂಡು ತಾವೇ ಓಡಿಬಿಡುತ್ತಾರೆ. ಜನ ಮೆಚ್ಚುವುದು ಅವರನ್ನೇ. ಆದರೆ ಎದುರಿನ ಆಳುಗಳೆಲ್ಲ ಬಂದು ಬೀಳುವುದೂ ಅವರ ಮೇಲೆಯೇ. ಮಂಡಿ, ಗಿಣ್ಣು, ಭುಜ ಸವೆದು, ನಿಂತು ಎಸೆಯುವವರಿಗಿಂತ ಬಲು ಬೇಗ ಅವರು… ಅಲ್ಲಿಗೆ ಕಾಗದ ಹರಿದಿತ್ತು. ಮುಂದಿನದು ಇನ್ನಾರದೋ ಮನೆಯ ಒಲೆ ಸೇರಿರಬೇಕು. ನನಗೆ ಮುಂದಿನದು ಬೇಕಾಗಿರಲಿಲ್ಲ. ಅದು ನಮ್ಮ ರುದ್ರಣ್ಣನ ಕಥೆ. ಅದರ ಕೊನೆ ನನಗೆ ಗೊತ್ತು. ಆ ಕೊನೆಯಲ್ಲಿ ನನ್ನ ಕೈಯೂ ಇದೆ.

ರುದ್ರಣ್ಣ ನನ್ನ ಒಡಹುಟ್ಟಿದ ಅಣ್ಣ. ಹದಿನೈದು ವರ್ಷದ ಹಿಂದೆ ತಿಪಟೂರು, ತುರುವೇಕೆರೆ ಸುತ್ತಮುತ್ತ ಎಲ್ಲಿ ಕಬಡ್ಡಿ ಪಂದ್ಯ ಇಟ್ಟರೂ ನಮ್ಮೂರಿನ ತಂಡಕ್ಕೆ ಕರೆ ಬರುತ್ತಿತ್ತು. ಕರೆ ತಂಡಕ್ಕೆ ಎನ್ನುವುದು ಬಾಯಿಮಾತು. ಜನ ನೋಡಲು ಬರುತ್ತಿದ್ದದ್ದು ಅಣ್ಣನನ್ನು. ಅವನು ನಡುಗೆರೆ ದಾಟುವ ಮುಂಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಮೇಲೆ, ಆಗತಾನೆ ಸೆಗಣಿ ಸಾರಿಸಿದ ಹಸಿ ನೆಲದ ಮೇಲೆ ಹೆಜ್ಜೆ ಮೂಡಬಾರದು ಎನ್ನುವವನ ಹಾಗೆ ತುದಿಗಾಲಲ್ಲಿ ಓಡಾಡುತ್ತಿದ್ದ. ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನುವುದು ಸಣ್ಣಗೆ, ಒಂದೇ ಎಳೆಯಲ್ಲಿ, ನೂಲು ತೆಗೆದಂತೆ ಬರುತ್ತಿತ್ತು. ಎದುರಿನ ಏಳು ಜನ ಅವನ ಕೈಯನ್ನೇ ನೋಡುತ್ತಿರುವಾಗ ಕಾಲು ಹೋಗಿ ಒಬ್ಬನನ್ನು ಮುಟ್ಟಿ ಬಂದಿರುತ್ತಿತ್ತು. ಮುಟ್ಟಿಸಿಕೊಂಡವನಿಗೂ ಅದು ಗೊತ್ತಾಗುತ್ತಿದ್ದದ್ದು ರೆಫ್ರಿ ಬೆರಳೆತ್ತಿದ ಮೇಲೆ. ನಾವು ಹೆಂಗಸರು ತೋಟದ ಬದುವಿನ ಮೇಲೆ ನಿಂತು ನೋಡುತ್ತಿದ್ದೆವು. ಗುರುತಿಲ್ಲದವರು ಕೂಡ "ಇವಳು ರುದ್ರನ ತಂಗಿ ಕಣ್ರೇ" ಎಂದು ನನಗೆ ಮುಂದೆ ಜಾಗ ಬಿಡುತ್ತಿದ್ದರು. ನಾನು ಏನೂ ಆಡದೆ ಸಂಪಾದಿಸಿದ ಜಾಗ ಅದು.

ತಂಡದ ನಾಯಕ ಷಡಕ್ಷರಿ ಹಿಂದೆ ಮೂಲೆಯಲ್ಲಿ ನಿಂತು ಹಿಡಿಯುವವನು. ಒಳ್ಳೆಯ ಮನುಷ್ಯ, ಒಳ್ಳೆಯ ಹಿಡಿತ. ಎದುರಿನ ಕಡೆಗೆ ಯಾರು ಹೋಗಬೇಕು ಎಂದು ಯೋಚಿಸುವ ಕಷ್ಟವನ್ನು ಮಾತ್ರ ಅವನು ಯಾವತ್ತೂ ತೆಗೆದುಕೊಂಡವನಲ್ಲ. "ರುದ್ರ, ನೀನೇ ಹೋಗ್ಲಾ" ಎಂದುಬಿಡುತ್ತಿದ್ದ. ಅಣ್ಣ ಹೋಗುತ್ತಿದ್ದ. ಹೋದವನ ಕಾಲನ್ನು ತಾನೇ ಎಲ್ಲರೂ ಹಿಡಿಯುವುದು? ಒಬ್ಬ ಗಿಣ್ಣು ಹಿಡಿದರೆ ಇನ್ನೊಬ್ಬ ತೊಡೆಗೆ ಬೀಳುತ್ತಿದ್ದ, ಮೂರನೆಯವನು ಬೆನ್ನ ಮೇಲೆ. ಅಷ್ಟೂ ಜನರನ್ನು ಎಳೆದುಕೊಂಡು ಬಂದು ಅಣ್ಣ ಬೆರಳ ತುದಿಯಲ್ಲಿ ಗೆರೆ ಮುಟ್ಟಬೇಕು. ಏಳು ವರ್ಷ ಹಾಗೆ ಎಳೆದ. ಷಡಕ್ಷರಿ ನಲವತ್ತು ದಾಟಿ ಹೊಟ್ಟೆ ಬಂದ ಮೇಲೂ ಅದೇ ಮೂಲೆಯಲ್ಲಿ ನಿಂತು ಆಡಿದ.

ನಮ್ಮ ತವರಿನಲ್ಲಿ ಎರಡು ಕುಡುಗೋಲಿದ್ದವು. ಒಂದು ಹುಲ್ಲಿಗೆ ಇಟ್ಟರೆ ಸಾಕು, ತಾನಾಗಿ ಹರಿಯುತ್ತಿತ್ತು. ಇನ್ನೊಂದು ಮೊಂಡು. ಮನೆಯವರೆಲ್ಲ ಕೈ ಹಾಕುತ್ತಿದ್ದದ್ದು ಮೊದಲನೆಯದಕ್ಕೆ. ಮಸೆದು ಮಸೆದು ಅದು ತದಿಗೆಯ ಚಂದ್ರನಷ್ಟು ತೆಳ್ಳಗಾಯಿತು. ಮೊಂಡು ಕುಡುಗೋಲು ಅಪ್ಪ ತಂದ ದಿನ ಎಷ್ಟು ದಪ್ಪವಿತ್ತೋ ಈಗಲೂ ಅಷ್ಟೇ ಇದೆ. ಚೆನ್ನಾಗಿರುವುದನ್ನು ನಾವು ಬಹಳ ಪ್ರೀತಿಯಿಂದಲೇ ಸವೆಸುತ್ತೇವೆ.

ಅಣ್ಣನ ಬಲಮಂಡಿ ಮೊದಲು ಊದಿತು, ಆಮೇಲೆ ಶಬ್ದ ಮಾಡತೊಡಗಿತು. ನಮ್ಮ ಕಡೆ ಒಳಗಿನಿಂದ ಶಬ್ದ ಬಂದರೆ ಸಂತೋಷದ ವಿಷಯ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷವಿಡೀ ಒಣಗಲು ಬಿಡುತ್ತೇವೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಕ್ ಲೊಡಕ್ ಅನ್ನಬೇಕು. ಹಾಗೆಂದರೆ ತಿರುಳು ಚಿಪ್ಪು ಬಿಟ್ಟಿದೆ, ಕೊಬ್ಬರಿ ಆಗಿದೆ ಎಂದು ಲೆಕ್ಕ. ಒಂದು ಸಂಜೆ ಅಣ್ಣ ಮೆಟ್ಟಿಲು ಹತ್ತುವಾಗ ಮಂಡಿಯೊಳಗಿಂದ ಅದೇ ಶಬ್ದ ಬಂತು. ಇಬ್ಬರೂ ಕೇಳಿಸಿಕೊಂಡೆವು. "ಕೊಬ್ಬರಿ ಆಗೈತೆ ಕಣೇ ಗಂಗೀ, ಒಡ್ಕಂಡು ತಿಂದ್ಬುಡನ" ಎಂದ ಅಣ್ಣ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೇರೆ ಸೀಮೆಯ ಅಣ್ಣತಂಗಿಯಾಗಿದ್ದರೆ ಹೆದರುತ್ತಿದ್ದರೋ ಏನೋ.

ಅವ್ವ ನಗಲಿಲ್ಲ. ಹಾಲ್ಕುರಿಕೆ ಕಡೆಯಿಂದ ಮೂಳೆ ಕಟ್ಟುವ ಅಜ್ಜನನ್ನು ಕರೆಸಿದಳು. ಆತ ಸೊಪ್ಪು ಅರೆದು, ಮೊಟ್ಟೆಯ ಲೋಳೆ ಕಲಸಿ, ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿದ. ನಲವತ್ತೆಂಟು ದಿನ ಕಾಲು ಅಲುಗಾಡಬಾರದು, ಬಿಚ್ಚುವವನು ನಾನೇ, ಎಂದ. ನಮ್ಮದು ಮೊಟ್ಟೆ ಒಳಗೆ ಬರುವ ಮನೆಯಲ್ಲ. ಮಗನನ್ನು ಹೊರಗೆ ಹಾಕುವಂತೆಯೂ ಇಲ್ಲ. ಕೊನೆಗೆ ಅವ್ವನೇ ದಾರಿ ಕಂಡುಹಿಡಿದು ಹೊಸ್ತಿಲ ಅಡ್ಡಕ್ಕೆ ಹಾಸಿಗೆ ಹಾಸಿದಳು. ಲಿಂಗ ಕಟ್ಟಿದ ಎದೆ ಒಳಗೆ, ಮೊಟ್ಟೆ ಕಟ್ಟಿದ ಕಾಲು ಜಗಲಿಗೆ. ಬಂದುಹೋಗುವವರೆಲ್ಲ ಅಣ್ಣನ ಸೊಂಟ ದಾಟಿಕೊಂಡು ಓಡಾಡಿದೆವು.

ಕಟ್ಟು ಹಾಕಿ ಹದಿನೆಂಟು ದಿನವಾಗಿತ್ತು. ಷಡಕ್ಷರಿ ಬಂದು ಜಗಲಿಯ ಮೇಲೆ ಕೂತ. ಕಿಬ್ಬನಹಳ್ಳಿಯಲ್ಲಿ ನಾಳೆ ಪಂದ್ಯ. ಎಲ್ಲರಿಗಿಂತ ಚೆನ್ನಾಗಿ ಆಡಿದವನಿಗೆ ಸ್ಟೀಲಿನ ಬಿಂದಿಗೆ.

ನನಗೆ ಆಗ ಮದುವೆ ಗೊತ್ತಾಗಿತ್ತು. ಸ್ಟೀಲು ನಮ್ಮ ಸೀಮೆಗೆ ಆಗತಾನೆ ಬಂದಿತ್ತು. ಹಿತ್ತಾಳೆ ಬಿಂದಿಗೆ ಹೊತ್ತು ಹೋದ ಹೆಣ್ಣನ್ನು ಗಂಡನ ಮನೆಯಲ್ಲಿ ಹುಣಿಸೆಹಣ್ಣು ಹಾಕಿ ತಿಕ್ಕು ಎನ್ನುತ್ತಾರೆ, ಸ್ಟೀಲಿನದು ಹೊತ್ತು ಹೋದವಳನ್ನು ಕೂತ್ಕೋ ಎನ್ನುತ್ತಾರೆ ಎಂದು ನಾನು ಹೇಗೋ ನಂಬಿದ್ದೆ. ಅಂಗಡಿಯಲ್ಲಿ ನೇತುಹಾಕಿದ ಬಿಂದಿಗೆಯಲ್ಲಿ ಒಂದೆರಡು ಸಲ ಮುಖವನ್ನೂ ನೋಡಿಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಅವ್ವ ತೋಟಕ್ಕೆ ಹೋದ ಮೇಲೆ ಅಣ್ಣ ನನ್ನನ್ನು ಕರೆದ. "ಬಿಂದಿಗೆ ತಂದ್ರೆ ನಿಂಗೇ ಕಣೇ. ಆದ್ರೆ ನೀನು ಬ್ಯಾಡ ಅಂದ್ರೆ ಹೋಗಲ್ಲ."

ಬೇಡ ಎನ್ನಲು ಎರಡಕ್ಷರ ಸಾಕು. ಏಳನೇ ಕ್ಲಾಸು ಕೂಡ ಬೇಕಾಗಿಲ್ಲ. ನಾನು ಹೇಳಿದ್ದು, "ಒಂದೇ ಪಂದ್ಯ ಅಲ್ವೇನಣ್ಣ."

ಒಳಗೆ ಹೋಗಿ ಆ ತೆಳ್ಳಗಿನ ಕುಡುಗೋಲು ತಂದು ಕಟ್ಟನ್ನು ಕುಯ್ದೆ. ಅವ್ವ ಬಂದು ಕೇಳಿದಾಗ, "ಆ ಅಜ್ಜಾನೇ ಬಿಚ್ಚು ಅಂತ ಹೇಳಿ ಕಳ್ಸಿದ್ರಂತೆ ಕಣವ್ವ" ಎಂದು ಸುಳ್ಳನ್ನೂ ನಾನೇ ಹೇಳಿದೆ. ಅಣ್ಣ ಸುಳ್ಳು ಹೇಳಲು ಬಾರದವನು. ಆ ಹೊತ್ತಿಗೆ ಬಸ್ಸಿನಲ್ಲಿದ್ದ.

ನಾನು ಮುಂದಿನ ಬಸ್ಸಿಗೆ ಹೋಗಿ ನೋಡಿದೆ. ಅಂಥ ಆಟವನ್ನು ಅವನೂ ಹಿಂದೆ ಆಡಿರಲಿಲ್ಲ. ಒಂದು ಕಾಲು ಬಾರದು ಎಂದು ಗೊತ್ತಿದ್ದವನು ಇನ್ನೊಂದು ಕಾಲಿಗೆ ಎರಡರ ಕೆಲಸ ಹೇಳಿಕೊಟ್ಟುಬಿಟ್ಟಿದ್ದ. ಕೊನೆಯ ಸರದಿಯಲ್ಲಿ "ರುದ್ರ, ನೀನೇ ಹೋಗ್ಲಾ" ಎಂದ ಷಡಕ್ಷರಿ. ಮೂವರು ಹಿಡಿದರು. ಅಣ್ಣ ಬಿದ್ದ. ಉಸಿರು ಬಿಡದೆ, ಮಲಗಿದಲ್ಲೇ, ಮೂವರನ್ನೂ ಎಳೆಯುತ್ತಾ ಗೇಣುಗೇಣಾಗಿ ಬಂದ. ಕಬಡ್ಡಿ ಕಬಡ್ಡಿ ಎನ್ನುವ ಆ ಸಣ್ಣ ಎಳೆ ಮಾತ್ರ ಕೇಳುತ್ತಿತ್ತು. ಬೆರಳು ಗೆರೆ ಮುಟ್ಟಿತು. ಮೂವರೂ ಔಟು. ಗೆದ್ದೆವು. ಎಲ್ಲರೂ ಎದ್ದರು, ಅಣ್ಣ ಏಳಲಿಲ್ಲ. ಅವನಿಗೆ ಆಗ ಇಪ್ಪತ್ತಾರು ವರ್ಷ. ತಿಪಟೂರಿನ ಆಸ್ಪತ್ರೆಗೂ ಹೋದೆವು, ಅಜ್ಜನ ಹತ್ತಿರವೂ ಹೋದೆವು. ಆಮೇಲೆ ಆ ಮಂಡಿ ಮಡಿಸಲು ಬರಲೇ ಇಲ್ಲ.

ಬಿಂದಿಗೆ ಗಂಡನ ಮನೆಗೆ ಬಂತು. ಸ್ಟೀಲಿನದನ್ನೂ ತಿಕ್ಕಬೇಕು ಎಂದು ಮೊದಲನೆಯ ವಾರದಲ್ಲೇ ಗೊತ್ತಾಯಿತು. ಹದಿಮೂರು ವರ್ಷದಿಂದ ತಿಕ್ಕುತ್ತಿದ್ದೇನೆ. ಹಾಳಾದ್ದು ಸವೆಯುವುದೂ ಇಲ್ಲ.

ಅಣ್ಣ ಈಗ ತಿಪಟೂರಿನಲ್ಲಿ ಒಬ್ಬ ವ್ಯಾಪಾರಿಯ ಮಂಡಿಯಲ್ಲಿ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಾನೆ. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರೆ ಅವನು ಬಲಗಾಲನ್ನು ಉದ್ದಕ್ಕೆ ಚಾಚಿ ಕೂರುತ್ತಾನೆ. ಕೊಬ್ಬರಿಗೆ ಒಂದು ಗೀರೂ ಆಗದಂತೆ ಒಂದೇ ಏಟಿಗೆ ಚಿಪ್ಪು ಬಿಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಸಬರು ಕೈ ನೋಡಿ ಕಲಿಯಲು ಪಕ್ಕದಲ್ಲಿ ಕೂರುತ್ತಾರಂತೆ. ಕಾಲಿಂದ ಹೊರಟುಹೋದ ಚುರುಕು ಮೈಬಿಟ್ಟು ಹೋಗದೆ ಕೈಗೆ ಬಂದು ಕೂತಿದೆ ಅನ್ನಿಸುತ್ತದೆ ನನಗೆ.

ಮೊನ್ನೆ ಅವನು ನಮ್ಮ ಮನೆಗೆ ಬಂದಿದ್ದ. ಒಲೆಗೆ ಹಾಕದೆ ಎತ್ತಿಟ್ಟಿದ್ದ ಆ ಕಾಗದವನ್ನು ಓದಿ ಹೇಳಿದೆ. ಕೇಳಿ, "ಪಾಪ, ಅವರಿಗೂ ಒಬ್ಬ ಷಡಕ್ಷರಿ ಇರ್ತಾನೆ ಬುಡು" ಎಂದ. ನಗು ಬಂತು. ನಗುವಿನ ಹಿಂದೆಯೇ, ಇಷ್ಟು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತೂ ಬಂತು.

"ಅಣ್ಣ, ನಾನವತ್ತು ಕಟ್ಟು ಕುಯ್ಯಬಾರದಿತ್ತು."

ಅವನು ಮಂಡಿಯನ್ನು ನೀವಿಕೊಂಡ. "ನೀನು ಕುಯ್ದಿದ್ದಕ್ಕೆ ಹಲ್ಲಾದ್ರೂ ಉಳೀತು. ಇಲ್ದಿದ್ರೆ ನಾನೇ ಹಲ್ಲಲ್ಲಿ ಕಚ್ಚಿ ಬಿಚ್ಕತಿದ್ದೆ" ಎಂದ. ಆಮೇಲೆ, "ಆಡೋ ಕಾಲನ್ನ ಅಟ್ಟದ ಮೇಲೆ ಇಡಕ್ಕಾಯ್ತದೇನೇ ಹುಚ್ಚಿ" ಎಂದ.

ಹದಿಮೂರು ವರ್ಷದ ಭಾರ ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ನನ್ನ ಮಗಳು ಸುಮ ಕುಂಟುತ್ತಾ ಬಂದಳು. ಶಾಲೆಯ ಖೋಖೋ ತಂಡದಲ್ಲಿ ಅವಳೇ ಎಲ್ಲರಿಗಿಂತ ಜೋರಾಗಿ ಓಡುವವಳು. ಹಿಂದಿನ ವಾರ ಗಿಣ್ಣು ಉಳುಕಿ ಡಾಕ್ಟರು ಪಟ್ಟಿ ಸುತ್ತಿದ್ದರು, ಹದಿನೈದು ದಿನ ಬಿಚ್ಚಬೇಡಿ ಎಂದಿದ್ದರು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಕೈಯಲ್ಲಿ ಕುಡುಗೋಲು.

"ಮಾವ, ಹಂಗಾದ್ರೆ ನಂದೂ ಬಿಚ್ಚು. ನಾಳೆ ಒಂದೇ ಪಂದ್ಯ."

ಅಣ್ಣ ಅವಳ ಕೈಯಿಂದ ಕುಡುಗೋಲು ಇಸಿದುಕೊಂಡ. ಅದನ್ನು ನೆಲದ ಮೇಲಿಟ್ಟು, ಬಗ್ಗದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲಿಟ್ಟುಕೊಂಡ.

"ಬಿಚ್ಚಂಗಿಲ್ಲ."

"ಕಾಲನ್ನ ಅಟ್ಟದ ಮೇಲೆ ಇಡಕ್ಕಾಗಲ್ಲ ಅಂತ ನೀನೇ ಅಂದ್ಯಲ್ಲ ಮಾವ."

"ಅದು ನನ್ ಕಾಲಿನ ಮಾತು ಕಣವ್ವ. ನಿಂದಿನ್ನೂ ಎಳನೀರು."

ಸುಮ ಅತ್ತಳು, ಮಾವನನ್ನು ಒಂದು ಕೈ ನೋಡಿಕೊಳ್ಳುತ್ತೇನೆ ಎಂದಳು, ಊಟ ಬಿಟ್ಟಳು. ಅಣ್ಣ ಜಗ್ಗಲಿಲ್ಲ. ಅದೇ ದಿನ ಹಿಂದಿರುಗಬೇಕಾದವನು ಪಂದ್ಯ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಉಳಿದ. ಹೋದಕಡೆಯೆಲ್ಲ ಕುಡುಗೋಲು ಜೊತೆಯಲ್ಲೇ ಇತ್ತು. ನನ್ನ ತಪ್ಪೊಪ್ಪಿಗೆಗೆ ಅವನು ಎರಡು ಉತ್ತರ ಕೊಟ್ಟ ಹಾಗಾಯಿತು. ಮೊದಲನೆಯದು ನನ್ನ ಸಮಾಧಾನಕ್ಕೆ ಬಾಯಲ್ಲಿ ಹೇಳಿದ್ದು. ಎರಡನೆಯದು ಆ ಕಾಲಿನ ಕೆಳಗಿತ್ತು.

ಅಣ್ಣನ ಕಟ್ಟಿನ ಹತ್ತೊಂಬತ್ತನೆಯ ದಿನದ ಬೆಳಿಗ್ಗೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಕುಡುಗೋಲಿನ ಮೇಲೆ ಕೂತುಬಿಡುವುದು. ಹೆಚ್ಚೆಂದರೆ ಅಣ್ಣ ಎರಡು ದಿನ ಬೈಯುತ್ತಿದ್ದ.

ಸುಮಾಳ ತಂಡ ಸೋತಿತು. ಮೂರನೆಯ ದಿನ ಅವಳ ಕೋಪ ಕರಗಿತು. ಅಣ್ಣ ಹೊರಡುವಾಗ ಒಂದು ಕಾಯಿಯನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿ, ಲೊಡಕ್ ಅನ್ನಿಸಿ, ಒಡೆದು ಕೊಬ್ಬರಿ ಕೊಟ್ಟ. ನಾನು ಆ ಬಿಂದಿಗೆಯಿಂದ ಅವನಿಗೊಂದು ಲೋಟ ನೀರು ಬಗ್ಗಿಸಿದೆ. ಕುಡಿದು, ಬಿಂದಿಗೆಯನ್ನು ತಿರುಗಿಸಿ ನೋಡಿ, "ಚೆನ್ನಾಗಿ ಇಟ್ಕಂಡಿದೀಯ ಕಣೇ" ಎಂದ.