ಇಂಜಿನ್ ಇಲ್ಲದ ಗಾಡಿ

ನಾನು ನಿಂತಿದ್ದದ್ದು ಎರಡು ಗಾಡಿಗಳ ನಡುವಿನ ಜಲ್ಲಿಯ ಮೇಲೆ. ಸೊಲ್ಲಾಪುರ ಸ್ಟೇಶನ್ನು ಇನ್ನೂ ಸ್ವಲ್ಪ ದೂರವಿರುವಾಗ, ಹೊಟಗಿ ಕಡೆಯಿಂದ ಬರುವ ಗಾಡಿಗಳು ಸಿಗ್ನಲ್ಲಿಗಾಗಿ ಕಾಯುವ ಜಾಗ ಅದು. ಔಟರ್ ಅನ್ನುತ್ತಾರೆ. ನನ್ನ ಬೆನ್ನ ಹಿಂದೆ ನಾವು ಅಕ್ಕಲಕೋಟ ರೋಡಿನಿಂದ ಬಂದ ಹಳೆಯ ಪ್ಯಾಸೆಂಜರ್ ನಿಂತಿತ್ತು. ಎದುರಿಗೆ, ಪಕ್ಕದ ಹಳಿಯ ಮೇಲೆ, ಹೊಸ ಗಾಡಿ ಖಾಲಿ ನಿಂತಿತ್ತು. ಹಿಂಗಾರಿ ಜೋಳದ ಬಿತ್ತನೆ ನಡೆದಿದ್ದ ದಿನಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಇನ್ನೂ ಸ್ವಲ್ಪ ಇತ್ತು. ಬಿಸಿಲು ಚೆನ್ನಾಗಿತ್ತು. ಕಣ್ಣಿಗೆ ಅಡ್ಡ ಏನೂ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಆ ದಿನದ ಸಂಗತಿಯನ್ನು ಅಲ್ಲಿ ಇಲ್ಲದವರು ಈಗ ನನಗಿಂತ ಚಂದ ಹೇಳುತ್ತಾರೆ.

ಸೊಲ್ಲಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ. ಹನ್ನೂರಿನ ನಮ್ಮ ಮನೆಯಿಂದ ನಾನೂ ನನ್ನ ಅಣ್ಣನ ಹೆಂಡತಿಯೂ ಕೂಡಿಯೇ ಹೊರಡುತ್ತಿದ್ದೆವು. ಅವರನ್ನು ನಾನು ವೈನಿ ಅನ್ನುತ್ತೇನೆ. ಅವರು ಮರಾಠಿಯವರ ಹಾಗೆ ನನ್ನನ್ನು ಭಾವೂಜಿ ಅನ್ನುತ್ತಾರೆ. ಮನೆಯಲ್ಲಿ ಹೊಲದ ಜೋಳವಿತ್ತು. ವೈನಿ ಅದರಿಂದ ಕಡಕ ರೊಟ್ಟಿ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಲ್ಲಾಪುರದ ಖಾನಾವಳಿಗಳಿಗೆ ಕೊಡುತ್ತಿದ್ದರು. ರೊಟ್ಟಿ ಒಡೆಯಬಾರದು. ಹಾಗಾಗಿ ಸ್ಟೇಶನ್ನಿನ ನೂಕುನುಗ್ಗಲು, ಮೇಲುಸೇತುವೆಯ ಮೆಟ್ಟಿಲು ಅವರಿಗೆ ಆಗುತ್ತಿರಲಿಲ್ಲ. ಗಾಡಿ ಔಟರ್‌ನಲ್ಲಿ ನಿಂತರೆ ಅಲ್ಲೇ ಇಳಿದು, ಹಳಿ ದಾಟಿ, ಗೋಡೆಯ ಸಂದಿನಿಂದ ಓಣಿಗೆ ಹೋಗಿಬಿಡುತ್ತಿದ್ದರು. ಅವರೊಬ್ಬರೇ ಅಲ್ಲ, ರೈಲು ಡಬ್ಬಿಯ ಅರ್ಧ ಜನರೇ ಹಾಗೆ ಇಳಿಯುತ್ತಿದ್ದರು.

ಪಕ್ಕದ ಹಳಿಯ ಮೇಲೆ ಖಾಲಿ ಗಾಡಿ ಅಡ್ಡ ನಿಂತಿದ್ದರೆ ಅದರ ಕೆಳಗೆ ನುಸುಳಬೇಕು. ಅದಕ್ಕೆ ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತಿದ್ದ ಒಂದು ನಿಯಮವಿತ್ತು. ಎಡಕ್ಕೆ ನೋಡು, ಬಲಕ್ಕೆ ನೋಡು. ಇಂಜಿನ್ ಹಚ್ಚಿದ್ದರೆ ಕಾಯಿ. ಇಂಜಿನ್ ಬಿಚ್ಚಿ ಹೋಗಿದ್ದರೆ ಆ ಗಾಡಿಯೂ ಒಂದು ಗೋಡೆಯೂ ಒಂದೇ, ಕೆಳಗಿಂದ ಹೋಗು. ಇದು ತಪ್ಪೆಂದು ಸ್ಟೇಶನ್ನಿನಲ್ಲಿ ಮೂರು ಭಾಷೆಗಳಲ್ಲಿ ಕೂಗಿ ಹೇಳುತ್ತಿದ್ದರು. ನಾವು ಕೇಳುತ್ತಲೂ ಇದ್ದೆವು, ನುಸುಳುತ್ತಲೂ ಇದ್ದೆವು. ನನ್ನ ತಂದೆಯೂ ಹಾಗೇ ದಾಟಿದವರು. ಯಾರಿಗೂ ಏನೂ ಆಗಿರಲಿಲ್ಲ.

ಹೊಸ ಗಾಡಿಗಳು ಬರತೊಡಗಿ ಕೆಲವೇ ದಿನಗಳಾಗಿದ್ದವು. ಒಂದು ಹೊತ್ತು ಹಳೆಯದು, ಒಂದು ಹೊತ್ತು ಹೊಸದು ಓಡುತ್ತಿತ್ತು. ಹಳೆಯ ಡಬ್ಬಿಗಳನ್ನು ಪೂರ್ತಿ ತೆಗೆದುಬಿಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹೊಸದನ್ನು ಮೊದಲ ಸಲ ನೋಡಿದ ದಿನ ನಮ್ಮ ಜೊತೆ ಬರುವ ಮೊಸರಿನ ಕಾಕಾ, ಡಬ್ಬಿಯ ಬಾಗಿಲಲ್ಲಿ ನಿಂತು ಕೇಳಿದರು:

"ಇದರ ತಲಿ ಯಾವದು, ಬಾಲ ಯಾವದು?"

"ಎರಡೂ ಕಡೆ ಮಾರಿ ಒಂದ ನಮೂನಿ ಐತ್ರಿ ಕಾಕಾ," ಎಂದೆ.

"ಅಂದರ ಮಾಂಡೂಳ ಅನ್ನು! ಹಿಡದು ಮಾರಿದರ ಲಾಖ್ ರೂಪಾಯಿ ಬರತೈತಿ."

ಮಾಂಡೂಳ ಅಂದರೆ ನಮ್ಮ ಹೊಲಗಳಲ್ಲಿ ಸಿಗುವ, ತಲೆಯೂ ಬಾಲವೂ ಒಂದೇ ತರಹ ಕಾಣುವ, ಕಳ್ಳತನದಲ್ಲಿ ದೊಡ್ಡ ಬೆಲೆಗೆ ಮಾರುವ ಹಾವು.

"ಮೊದಲ ನಿಮ್ಮ ಮೊಸರರ ಮಾರ್ರಿ ಕಾಕಾ," ಎಂದರು ವೈನಿ. "ಹುಳಿ ಬಂದು ವಾಸನಿ ಹೊಡ್ಯಾಕತ್ತೈತಿ."

ಡಬ್ಬಿಯಲ್ಲಿ ಎಲ್ಲರೂ ನಕ್ಕರು. ಎರಡು ಮುಖವಿದ್ದರೆ ಎರಡೂ ಕಡೆಯಿಂದ ಹೊರಡಬಹುದು, ಎಳೆಯುವ ಯಂತ್ರ ಡಬ್ಬಿಗಳ ಹೊಟ್ಟೆಯೊಳಗೇ ಇದೆ ಎಂಬುದು ಆ ನಗುವಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಸೋಮವಾರ ನಾವು ಮೂವರು ಇಳಿದೆವು. ಎಡಕ್ಕೆ ನೋಡಿದೆವು, ಇಂಜಿನ್ ಇಲ್ಲ. ಬಲಕ್ಕೆ ನೋಡಿದೆವು, ಇಲ್ಲ. ಅಷ್ಟರಲ್ಲಿ ಹೊಸ ಗಾಡಿಯ ಒಂದು ತುದಿಯಿಂದ ಡ್ರೈವರ್ ಇಳಿದು, ಬ್ಯಾಗು ಹಿಡಿದು, ನಮ್ಮ ಪಕ್ಕದಿಂದಲೇ ನಡೆದು ಹೋದರು. ಕಾಕಾ ಕೈಯೆತ್ತಿದರು.

"ಡ್ಯೂಟಿ ಮುಗೀತೇನ್ರಿ ಸಾಹೇಬ್ರ?"

ಅವರಿಗೆ ಕನ್ನಡ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಹಳಿ ಬಿಟ್ಟು ದೂರ ಸರಿಯಿರಿ ಎನ್ನುವಂತೆ ಕೈಬೀಸಿ ಮುಂದೆ ಹೋದರು. ಅವರ ಮೇಲೆ ನಾನು ಯಾವ ತಪ್ಪನ್ನೂ ಹೊರಿಸುವುದಿಲ್ಲ.

"ಹೊಂಟಾನ ನೋಡು ಮನಿಗೆ," ಎಂದರು ಕಾಕಾ. "ಇನ್ನ ಸಂಜೀತನಕ ಇದು ಹಂದೂದಿಲ್ಲ."

ಅವರು ಮನೆಗೆ ಹೊರಟಿರಲಿಲ್ಲ. ಗಾಡಿಯ ಇನ್ನೊಂದು ತುದಿಗೆ ಹೊರಟಿದ್ದರು.

ಕಾಕಾ ಮೊದಲು ನುಸುಳಿ ಆಚೆ ಹೋದರು. ವೈನಿ ಮೊಸರಿನ ಕ್ಯಾನು, ಆಮೇಲೆ ರೊಟ್ಟಿಯ ಗಂಟು ಕೆಳಗಿನಿಂದ ದಾಟಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಇದರ ಬುಡದಾಗ ಜಾಗಾನ ಇಲ್ಲಲ್ರಿ. ಎಷ್ಟ ಪೆಟಗಿ ಜೋತ ಬಿದ್ದಾವ!"

"ಬಗ್ಗಿ ಬಾ ತಂಗಿ," ಎಂದು ಆಚೆಯಿಂದ ಕಾಕಾ ಕೂಗಿದರು. "ರೊಟ್ಟಿ ತಿಂದು ತಿಂದು ನೀನ ದಪ್ಪ ಆಗಿ, ಗಾಡಿಗ್ಯಾಕ ಬೈತಿ?"

ವೈನಿ ನಗುತ್ತಲೇ ಒಳಗೆ ಹೋದರು. ದೂರದಲ್ಲಿ ಎಲ್ಲೋ ಹಾರ್ನ್ ಕೇಳಿತು. ಬೇರೆ ಗಾಡಿಯದು ಅಂದುಕೊಂಡೆ. ಹಳೆಯ ಗಾಡಿ ಹೊರಡುವ ಮೊದಲು ಮುಂದಿನಿಂದ ಒಂದು ಜಗ್ಗು ಬರುತ್ತಿತ್ತು. ಕೊಂಡಿಯಿಂದ ಕೊಂಡಿಗೆ ಖಣ್ ಖಣ್ ಎನ್ನುತ್ತ ಹಿಂದಿನ ಡಬ್ಬಿಗೆ ಮುಟ್ಟುವಷ್ಟರಲ್ಲಿ ಮನುಷ್ಯ ಹೊರಗೆ ಬಂದಿರುತ್ತಿದ್ದ. ಇಲ್ಲಿ ಕೇಳಿದ್ದು ಒಂದು ಉಸಿರು ಬಿಟ್ಟಂಥ ಸದ್ದು, ಅದರ ಹಿಂದೆ ಒಂದು ಗುಂಯ್ ಎನ್ನುವ ನಾದ. ಆ ನಾದ ಒಂದು ಕಡೆಯಿಂದ ಬರಲಿಲ್ಲ. ಇಡೀ ಗಾಡಿಯಿಂದ ಒಂದೇ ಸಲ ಬಂತು. ನನ್ನ ಮುಖದ ಎದುರಿನ ಕಿಟಕಿ ಪಕ್ಕಕ್ಕೆ ಸರಿಯಿತು.

"ಈ ಕಡೆ ಬಾ! ಈ ಕಡೆ!" ಎಂದು ಕಾಕಾ ಆಚೆಯಿಂದ ಕೂಗುತ್ತಿದ್ದರು.

"ವೈನಿ, ಹಿಂದ ಬರ್ರಿ, ಹಿಂದ!" ಎಂದು ನಾನು ಈಚೆಯಿಂದ.

ನಮ್ಮಿಬ್ಬರಲ್ಲಿ ಯಾರ ಮಾತು ಕೇಳಿದ್ದರೂ ಅವರು ಗಾಲಿಗೆ ಸಿಗುತ್ತಿದ್ದರು. ನನ್ನ ಹಿಂದೆ ಹಳೆಯ ಗಾಡಿಯ ಬಾಗಿಲಲ್ಲಿ, ಅಕ್ಕಲಕೋಟದಿಂದ ದಿನಾ ಬರುವ ಒಬ್ಬ ಶಾಲಾ ಶಿಕ್ಷಕಿ, ನಾವು ಸಾಲಿ ಬಾಯಿ ಅನ್ನುತ್ತಿದ್ದವರು, ನಿಂತಿದ್ದರು. "ಥಾಂಬವಾ! ಗಾಡೀ ಥಾಂಬವಾ!" ಎಂದು ಅವರು ಮರಾಠಿಯಲ್ಲಿ ಕಿರುಚಿದರು. ನಿಲ್ಲಿಸುವವರಿಗೆ ಅದು ಕೇಳುವಂತಿರಲಿಲ್ಲ.

ನಾನು ಕಂಡದ್ದು ಇಷ್ಟು. ವೈನಿಯ ಒಂದು ಮೊಣಕಾಲು ಆಚೆಯ ಹಳಿಯ ಮೇಲಿತ್ತು. ಅದನ್ನು ಒಳಗೆ ಎಳೆದುಕೊಂಡರು. ಹಳಿಗಳ ನಡುವೆ ಬೋರಲು ಬಿದ್ದರು. ಮೊದಲ ಗಾಲಿಗಳು ನನ್ನ ಕಣ್ಣಿಗೆ ಅಡ್ಡ ಬಂದವು. ಅವು ಸರಿದಾಗ ಹಸಿರು ಸೀರೆ ಕಂಡಿತು. ಮತ್ತೆ ಗಾಲಿ, ಮತ್ತೆ ಸೀರೆ. ಗಾಡಿ ಜೋರಾಗುತ್ತಿತ್ತು. ಕೆಳಗೆ ಜೋತ ಕಬ್ಬಿಣದ ಪೆಟ್ಟಿಗೆಗಳು ಬಂದಾಗ ಅವುಗಳಿಗೂ ಅವರ ಬೆನ್ನಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಒಂದು ಪೆಟ್ಟಿಗೆಯ ಕೆಳಗೆ ಕಾಣಿಸಿತು. ಇನ್ನೊಂದರ ಕೆಳಗೆ ಕಾಣಿಸಲಿಲ್ಲ. ಸೆರಗನ್ನು ಗಾಡಿ ಸೆಳೆದೊಯ್ದಿತು ಎಂದು ಊರಲ್ಲಿ ಹೇಳುತ್ತಾರೆ. ಅದನ್ನು ನಾನು ಕಂಡಿಲ್ಲ. ನನ್ನ ಬಾಯಿಂದ ಏನೋ ಹೊರಬರುತ್ತಿತ್ತು, ಅದು ಮಾತಾಗಿರಲಿಲ್ಲ.

ಕೊನೆಯ ಡಬ್ಬಿ ದಾಟಿತು. ಹಳಿಯ ಮೇಲೆ ಬಿಸಿಲು ಬಿತ್ತು. ವೈನಿ ಅಲುಗಲಿಲ್ಲ. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ಸಾಲಿ ಬಾಯಿಯವರೇ ಗಾಡಿಯಿಂದ ಇಳಿದು ಬಂದು, ಕುಕ್ಕರಗಾಲಲ್ಲಿ ಕೂತು, ಅವರ ಕುತ್ತಿಗೆ ಮುಟ್ಟಿ ನೋಡಿ, "ಜೀವ ಐತ್ರಿ," ಎಂದರು. ಬಲಗಡೆಯ ಭುಜದ ಮೇಲೆ ಕುಪ್ಪಸ ಹರಿದು, ಚರ್ಮ ಕಿತ್ತು, ರಕ್ತ ಬರುತ್ತಿತ್ತು. ಹಳಿಯನ್ನು ಬಿಗಿಯುವ ಕಬ್ಬಿಣದ ಕೊಂಡಿಯನ್ನು ವೈನಿ ಎರಡೂ ಕೈಯಿಂದ ಹಿಡಿದಿದ್ದರು. ಕಣ್ಣು ತೆರೆದಿತ್ತು, ಆದರೆ ಬೆರಳು ಬಿಚ್ಚಲು ಬರುತ್ತಿರಲಿಲ್ಲ. ಬಾಯಿಯವರು ಒಂದೊಂದೇ ಬೆರಳನ್ನು ಬಿಡಿಸಿದರು.

"ಭಾವೂಜಿ, ಅದು ಹೋತೇನ್ರಿ?" ಎಂದು ಕೇಳಿದರು ವೈನಿ.

"ಹೋತ್ರಿ."

"ನಾನು ಯಾರ ದನೀನೂ ಕೇಳಲಿಲ್ಲ. ಮ್ಯಾಲ ಅದು ಗುಂಯ್ ಅನ್ನಾಕತ್ತಿತ್ತು. ಮಲಕೊಂಡ್ನಿ."

ಆಚೆ ಕಾಕಾ ಜಲ್ಲಿಯ ಮೇಲೆ ಕೂತುಬಿಟ್ಟಿದ್ದರು. "ಇಂಜಿನ್ ಇದ್ದಿಲ್ಲೋ ತಮ್ಮಾ. ನೀನೂ ನೋಡೀದಿಲ್ಲೊ? ಇದ್ದಿಲ್ಲ," ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಆಮೇಲೆ ಅವರು ಮೊಸರು ಮಾರಲು ಸೊಲ್ಲಾಪುರಕ್ಕೆ ಬರಲಿಲ್ಲ.

ಚಳಿಗಾಲ ಬರುವಷ್ಟರಲ್ಲಿ ಹಳೆಯ ಡಬ್ಬಿಗಳು ಹೋದವು. ಈಗ ಓಡುವುದೆಲ್ಲ ಹೊಸವೇ. ಬೇಗ ಮುಟ್ಟಿಸುತ್ತವೆ, ಸ್ವಚ್ಛವಾಗಿವೆ, ಅವುಗಳಲ್ಲಿ ದೋಷವಿಲ್ಲ. ವೈನಿ, ಭುಜದ ಗಾಯ ಮಾಯ್ದ ಮೇಲೆ, ಅವುಗಳಲ್ಲೇ ಬರುತ್ತಾರೆ, ಸ್ಟೇಶನ್ನಿನಲ್ಲೇ ಇಳಿದು ಮೆಟ್ಟಿಲು ಹತ್ತುತ್ತಾರೆ. ಹೆದರುವವನು ನಾನು. ಗಾಡಿ ಔಟರ್‌ನಲ್ಲಿ ನಿಂತಾಗ ಜನ ಈಗಲೂ ಇಳಿಯುತ್ತಾರೆ. ಕಿಟಕಿಯಿಂದ ನೋಡುತ್ತೇನೆ. ಅವರು ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಬಗ್ಗುತ್ತಾರೆ. ನಾನು ಕೂಗುತ್ತೇನೆ. ಕೆಲವರು ನಿಲ್ಲುತ್ತಾರೆ, ಕೆಲವರು ನಗುತ್ತಾರೆ. "ಬರದರ ಇಡ್ರಿ ಭಾವೂಜಿ, ಓದಿದವರರ ಕೇಳತಾರ," ಎಂದು ವೈನಿಯೇ ಅಂದದ್ದರಿಂದ ಬರೆದಿದ್ದೇನೆ.

ನನ್ನ ಮಾತು ಸಾಲದೆಂದರೆ ಬೇರೆಯವರನ್ನು ಕೇಳಬಹುದು. ಮೊಸರಿನ ಕಾಕಾ ಮರುವರ್ಷದ ಬೇಸಿಗೆಯಲ್ಲಿ ತಮ್ಮ ಮನೆಯಲ್ಲಿ, ಜ್ವರದಿಂದ ತೀರಿಕೊಂಡರು. ಡ್ರೈವರ್ ಏನನ್ನೂ ಕಂಡಿರಲಿಲ್ಲ. ಸಾಲಿ ಬಾಯಿ ಇದ್ದಾರೆ, ಅಕ್ಕಲಕೋಟದಲ್ಲಿ, ನೌಕರಿ ಮುಗಿದಿದೆ. ನಾನಿದ್ದೇನೆ. ವೈನಿ ಇದ್ದಾರೆ, ಹನ್ನೂರಿನಲ್ಲಿ.