ನಲ್ಲಿಗೆ ನೀರು ಬಿಡುತ್ತಿದ್ದ ಕಾಕಾ

ಅವರ ಖಾಕಿ ಅಂಗಿಯ ಎಡತೋಳು ಮಾತ್ರ ಖಾಕಿಯಾಗಿ ಉಳಿದಿತ್ತು. ಬಲತೋಳು ಬ್ಲೀಚಿಂಗ್ ಪುಡಿ ತಗಲಿ ತಗಲಿ ಬೆಳ್ಳಗಾಗಿ, ಮುಂಗೈ ಹತ್ತಿರ ಎಳೆ ಬಿಟ್ಟಿತ್ತು. ಆ ಕೈಮೇಲೆ ಒಂದು ಕೂದಲೂ ಇರಲಿಲ್ಲ. ಉಗುರಿನ ಸುತ್ತ ಚರ್ಮ ಸದಾ ಸೀಳಿರುತ್ತಿತ್ತು.

ಕೊಪ್ಪಳ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಕಳೆದಿದ್ದವು. ತಾವರಗೇರಾದ ಆಚೆಯ ಒಂದು ಹಳ್ಳಿಗೆ ನಾನು ಆರೋಗ್ಯ ಸಹಾಯಕಿಯಾಗಿ ಹೋದೆ. ಊರವರಿಗೆ ನಾನು ನರ್ಸಬಾಯಿ. ಆ ಖಾಕಿ ಅಂಗಿಯವರು ಪಂಚಾಯ್ತಿಯಿಂದ ಟಾಕಿಗೆ ನೀರು ಏರಿಸಿ ಓಣಿ ಓಣಿಗೆ ಬಿಡುವವರು. ಊರಿಗೆಲ್ಲ ಕಾಕಾ, ನನಗೂ ಕಾಕಾ.

ಬಕೆಟ್ಟಿನಲ್ಲಿ ಪುಡಿ ಕಲಸಿ, ಸುಣ್ಣದಂಥ ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಹೊತ್ತು ಟಾಕಿಯ ಮೆಟ್ಟಿಲು ಹತ್ತುತ್ತಿದ್ದರು. ಇಳಿದು ಬರುವಷ್ಟರಲ್ಲಿ ಯಾರಾದರೂ ಬೈಯಲು ನಿಂತಿರುತ್ತಿದ್ದರು. "ಏನ್ ಕಾಕಾ, ಚಾ ಕುಡದ್ರ ದವಾಖಾನಿ ಕುಡದಂಗ ಆಗತೈತಿ!" ಕಾಕಾ ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ವಾಸ್ನಿ ಇದ್ರ ಬೈತಾರ, ಇಲ್ಲದಿದ್ರ ಬ್ಯಾನಿ ಬೀಳ್ತಾರ. ಬೈಸ್ಕೊಳ್ಳೂದ ಛಲೋ ಬಾಯಾರ" ಎನ್ನುತ್ತಿದ್ದರು. ನಾನು ನಲ್ಲಿಯ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಎರಡು ಹನಿ ಔಷಧಿ ಬಿಡುತ್ತಿದ್ದೆ. ನೀರು ಹಳದಿಗೆ ತಿರುಗಿದರೆ ಪುಡಿ ಸಾಕಷ್ಟಿದೆ ಎಂದರ್ಥ. ವಾರಕ್ಕೊಮ್ಮೆ ಅದನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ.

ಅವರಿಗೆ ಇದ್ದದ್ದು ಒಂದೇ ಚಿಂತೆ. ಕೆಳಗಿನ ಓಣಿಗೆ ಹೋಗುವ ಪೈಪು ಹೆಂಗಸರು ಬಯಲಕಡೆಗೆ ಹೋಗುವ ತಗ್ಗಿನಲ್ಲಿ ಹಾಯುತ್ತಿತ್ತು. ಅಲ್ಲಿನ ವಾಲ್ವಿನ ಗುಂಡಿಯಲ್ಲಿ ಪೈಪಿನ ಜೋಡಣೆ ಸಡಿಲವಾಗಿತ್ತು. ಮಳೆ ಬಂದರೆ ತಗ್ಗಿನ ಹೊಲಸೆಲ್ಲ ಆ ಗುಂಡಿಗೇ ಇಳಿಯುತ್ತಿತ್ತು. "ನೀರು ಬಂದ್ ಮಾಡಿದ ಮ್ಯಾಲೆ ಪೈಪು ಉಸಿರು ಎಳಕೊಳ್ತೈತಿ ಬಾಯಾರ. ಬಾಜೂಕ ಏನಿರತೈತಿ ಅದನ್ನೂ ಎಳಕೊಳ್ತೈತಿ" ಎಂದು ನನ್ನನ್ನು ಕರೆದೊಯ್ದು ತೋರಿಸಿದ್ದರು. ಪಂಚಾಯ್ತಿಗೆ ಎಷ್ಟು ಸಲ ಹೇಳಿದರೂ "ಮುಂದಿನ ಮೀಟಿಂಗಿನ್ಯಾಗ ನೋಡೂಣು" ಎಂಬುದೇ ಉತ್ತರ.

ಮುಂಗಾರಿನ ಮೊದಲ ಮಳೆಯಾದ ವಾರ ಪಂಚಾಯ್ತಿ ಮೆಂಬರರ ಮನೆಯಲ್ಲಿ ಮದುವೆ. ಎರಡು ದಿನ ಪುಡಿ ಹಾಕಬೇಡ, ಬೀಗರು ವಾಸನೆಯ ನೀರು ಮುಟ್ಟುವುದಿಲ್ಲ ಎಂದು ಅವರ ಮನೆಯವರು ನಾಲ್ಕು ಜನ ಬಂದು ನಿಂತರಂತೆ. ಕಾಕಾ ಮೊದಲ ದಿನ ಒಪ್ಪಲಿಲ್ಲ. ಮರುದಿನ ಮತ್ತೆ ಬಂದಾಗ ಸೋತರು. ಎರಡು ದಿನ ಪುಡಿ ಬೀಳಲಿಲ್ಲ.

ಆ ವಾರ ನಾನೂ ಪರೀಕ್ಷೆಗೆ ಹೋಗಲಿಲ್ಲ. ಮನೆ ಮನೆ ಸಮೀಕ್ಷೆ ಮುಗಿಸಿ ಕಾಲು ಸೋತಿದ್ದವು. ಕುಷ್ಟಗಿಯ ನನ್ನ ಮನೆಯಲ್ಲಿ ಕೂತು, ರಿಜಿಸ್ಟರಿನಲ್ಲಿ ಮುಟ್ಟಿಯೂ ನೋಡದ ನೀರಿನ ಮುಂದೆ 'ಪುಡಿ ಇದೆ' ಎಂದು ಬರೆದು ಸಹಿ ಹಾಕಿದೆ.

ಮದುವೆಯ ಮಾರನೆಯ ದಿನ ಕೆಳಗಿನ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಮಕ್ಕಳ ಸಾಲಿಯ ಕೋಣೆಯಲ್ಲಿ ಚಾಪೆ ಹಾಸಿ, ಕಿಟಕಿಯ ಸರಳುಗಳಿಗೆ ಸಲೈನ್ ಬಾಟಲಿ ಕಟ್ಟಿದೆವು. ಒಬ್ಬ ಬಾಣಂತಿಯನ್ನು ಜೀಪಿನಲ್ಲಿ ಕುಷ್ಟಗಿಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಊರು ಮದುವೆಯ ಅಡುಗೆಯವಳನ್ನು ಹಿಡಿದುಕೊಂಡಿತು. "ಆಕಿ ಕೈಯಾಗ ಏನೋ ಐತಿ" ಎಂದರು. ಆಕೆ ಮನೆಯ ಬಾಗಿಲು ಹಾಕಿಕೊಂಡು ಕೂತುಬಿಟ್ಟಳು.

ವಿಚಾರಣೆಗೆ ತಾಲ್ಲೂಕಿನಿಂದ ಸಾಹೇಬರು ಬಂದರು. ಸಾಲಿಯ ಅಂಗಳದಲ್ಲಿ ಊರೇ ಸೇರಿತ್ತು. ಕಾಕಾ ಯಾರೂ ಕೇಳದೆ ಎದ್ದು ನಿಂತರು.

"ಅಡಿಗಿ ಮಾಡಿದಾಕಿದು ತಪ್ಪಿಲ್ರಿ ಸಾಹೇಬ್ರ. ನೀರು ಕೆಟ್ಟೈತ್ರಿ. ಎರಡು ದಿನ ನಾನ ಪುಡಿ ಹಾಕಿಲ್ಲ. ಬರ್ರಿ, ಗುಂಡಿ ತೋರಿಸ್ತೀನಿ."

ಮೆಂಬರರು ನೆಲ ನೋಡುತ್ತ ಕೂತರು. ಸಾಹೇಬರು ಕೇಳಿದರು: "ಮತ್ತ ನರ್ಸಬಾಯಾರು ಆ ವಾರ ನೀರು ನೋಡಿದ್ದಿಲ್ಲೇನು?"

ಕಾಕಾ ಒಮ್ಮೆ ನನ್ನತ್ತ ನೋಡಿದರು.

"ನೋಡಿದ್ರಿ. ಅವರು ಬಂದ ದಿನ ಹಾಕಿದ್ದೆ. ಅವರು ಹೋದ ಮ್ಯಾಲೆ ಬಿಟ್ಟೆ."

ನಾನು ಸುಮ್ಮನಿದ್ದೆ. ಗುಂಡಿಯ ಹತ್ತಿರದ ನಲ್ಲಿಯಿಂದ ಪರೀಕ್ಷೆಯ ಬಾಟಲಿಯಲ್ಲಿ ಹಿಡಿದಿಟ್ಟ ನೀರು ಮರುದಿನ ಮಸಿಯಂತೆ ಕಪ್ಪಾಗಿತ್ತು. ಮಲ ಬೆರೆತ ನೀರು ಆ ಬಾಟಲಿಯ ಔಷಧಿಗೆ ಹಾಗೆ ಕಪ್ಪಾಗುತ್ತದೆ. ಆ ತಿಂಗಳಲ್ಲೇ ಪೈಪನ್ನು ತಗ್ಗಿನಿಂದ ಎತ್ತಿ ಬೇರೆ ದಾರಿಯಲ್ಲಿ ಹಾಕಿದರು. ಕಾಕಾನನ್ನು ಕೆಲಸದಿಂದ ತೆಗೆದರು.

ನಾನು ಅವರ ಮನೆಗೆ ಹೋಗಿ ಅತ್ತೆ. "ಸಾಹೇಬರಿಗೆ ಖರೇ ಹೇಳ್ತೀನಿ ಕಾಕಾ" ಎಂದೆ. ಅವರು ತುಸು ಬೇಸರದಿಂದಲೇ ಹೇಳಿದರು: "ಇಬ್ರೂ ಹೋದ್ರ ನೀರು ಯಾರ್ ನೋಡ್ತಾರ್ರಿ? ಹೊಸಬಗ ಪುಡಿ ಎಷ್ಟು ಅನ್ನೂದೂ ಗೊತ್ತಿಲ್ಲ. ನೀವಾದ್ರೂ ನೋಡ್ರಿ." ಅದು ಕ್ಷಮೆಯಾಗಿರಲಿಲ್ಲ. ನನಗೆ ಒಪ್ಪಿಸಿದ ಕೆಲಸವಾಗಿತ್ತು. ನನಗೆ ಬೇಕಾಗಿದ್ದದ್ದೂ ಅಷ್ಟೇ ಏನೋ, ಹೇಳದೆ ಉಳಿಯಲು ಒಂದು ನೆಪ.

ಆಮೇಲೆ ಅವರು ಕಲ್ಲಿನ ಕ್ವಾರಿಗೆ ಕೂಲಿ ಹೋದರು. ಹೋಗುವ ದಾರಿಯಲ್ಲಿ ನಲ್ಲಿ ಸಿಕ್ಕರೆ ಬೊಗಸೆಯಲ್ಲಿ ನೀರು ಹಿಡಿದು ಮೂಸುತ್ತಿದ್ದರು. ವಾಸನೆ ಇಲ್ಲದಿದ್ದರೆ ನನಗೆ ಹೇಳಿ ಕಳಿಸುತ್ತಿದ್ದರು. ನಾನು ಹೋಗುತ್ತಿದ್ದೆ. ಮುಂದೆ ಬೇವೂರಿನ ಕಡೆಗೆ ವರ್ಗವಾಯಿತು, ಆಮೇಲೆ ತಳಕಲ್ ಕಡೆಗೆ. ಮನೆ ಮನೆಗೆ ಪಾಯಿಖಾನೆ ಕಟ್ಟಿದರು. ಕೆಲವರು ಅದರಲ್ಲಿ ಕಟ್ಟಿಗೆ ತುಂಬಿದರು. ಪ್ರತಿ ಮಳೆಗಾಲ ಒಂದಲ್ಲ ಒಂದು ಊರಿನಲ್ಲಿ ಅದೇ ಚಾಪೆ, ಅದೇ ಬಾಟಲಿ. ಅದೇ ಮಾತು ಹೇಳಿ ಹೇಳಿ ನಾಲಿಗೆ ದಣಿದಿದೆ. ಆದರೆ ಕೈಯಿಂದ ಮುಟ್ಟದ ನೀರಿನ ಬಗ್ಗೆ ಮತ್ತೆಂದೂ ಬರೆಯಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು.

"ಆ ಬಾಣಂತಿ ಹೆಸರು ಹೇಳ್ಕೋತ ಹೋದ್ರು ನೋಡ್ರಿ. ತಪ್ಪು ನಂದ, ನಂದ ಅಂತ. ಖರೇನ ಅವರದ ಏನ್ರಿ ಬಾಯಾರ?"

"ಅವರೊಬ್ಬರದ ಅಲ್ಲವ್ವ" ಎಂದೆ. "ಆ ವಾರ ನಾನು ನೀರು ನೋಡಿದ್ದಿಲ್ಲ. ನೋಡೀನಿ ಅಂತ ಬರದಿದ್ದೆ. ಅವರು ನನ್ನ ಉಳಿಸಿದ್ರು."

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಆಕೆ ನನ್ನ ಮುಖ ನೋಡಿದರು.

"ಇದನ್ನ ಅವರು ಇದ್ದಾಗ, ನಾಲ್ಕು ಮಂದ್ಯಾಗ ಹೇಳಬೇಕಿತ್ರಿ."

ಅಷ್ಟು ಹೇಳಿ, ತಾವೇ ಒಂದಿಷ್ಟು ಸರಿದು, ಚಾಪೆಯ ಮೇಲೆ ನನಗೆ ಕೂಡಲು ಜಾಗ ಮಾಡಿಕೊಟ್ಟರು.