ಕೆಂಪು ಶಾಯಿಯ ಸಹಿ

ಹತ್ತೊಂಬತ್ತು ವರ್ಷ ಒಂದೇ ಶಾಲೆಯಲ್ಲಿ ಲೆಕ್ಕ ಕಲಿಸಿದವಳಿಗೆ ಮಕ್ಕಳು ಇಟ್ಟ ಹೆಸರು ಕೆಂಪಿಂಕು. ಅದು ಅವಳಿಗೂ ಗೊತ್ತಿತ್ತು, ಕೇಳಿಸದವಳ ಹಾಗೆ ಇದ್ದುಬಿಟ್ಟಿದ್ದಳು. ಕೈಗೆ ಬಂದ ಕಾಗದ ಯಾವುದೇ ಇರಲಿ, ಮದುವೆಯ ಕರೆಯೋಲೆಯಿರಲಿ, ಬಸ್ಸಿನ ವೇಳೆಯ ಪಟ್ಟಿಯಿರಲಿ, ಚೀಲದಲ್ಲಿದ್ದ ಕೆಂಪು ಪೆನ್ನು ತಾನಾಗಿ ಹೊರಗೆ ಬರುತ್ತಿತ್ತು. ತಪ್ಪಿದ್ದಲ್ಲಿ ಒಂದು ಸುತ್ತು, ಸರಿಯಿದ್ದಲ್ಲಿ ಒಂದು ಗೀಟು, ಓದಿ ಮುಗಿದ ಮೇಲೆ ಕೊನೆಯಲ್ಲಿ ತಾರೀಖಿನ ಜೊತೆ ಸಹಿ. ಸಹಿ ಹಾಕದೆ ಅವಳು ಒಂದು ನೋಟ್‌ಬುಕ್ಕನ್ನೂ ಮಡಚಿದವಳಲ್ಲ.

ಅವಳ ಗಂಡ ಅದೇ ಶಾಲೆಯ ವಿಜ್ಞಾನದ ಮೇಷ್ಟ್ರು. ಒಂದು ವ್ಯತ್ಯಾಸವಿತ್ತು. ಅವಳದು ಖಾಯಂ ಹುದ್ದೆ, ಅವನದು ಹನ್ನೊಂದು ವರ್ಷದಿಂದ ತಾತ್ಕಾಲಿಕ. ಪ್ರತಿ ವರ್ಷ ರಜೆಯ ಕೊನೆಯ ವಾರ ಆಡಳಿತ ಮಂಡಳಿಯಿಂದ ಎರಡು ಸಾಲಿನ ಪತ್ರ ಬರುತ್ತಿತ್ತು: ಇನ್ನೊಂದು ವರ್ಷ ಮುಂದುವರಿಸಲಾಗಿದೆ. ಆ ಪತ್ರ ಬರುವವರೆಗೆ ಅವನು ಮನೆಯಲ್ಲಿ ನಗಿಸುತ್ತಲೇ ಇರುತ್ತಿದ್ದ, ಊಟ ಮಾತ್ರ ಅರ್ಧಕ್ಕೆ ಬಿಡುತ್ತಿದ್ದ. ಖಾಯಂ ಮಾಡಿ ಎಂದು ಏಳು ಅರ್ಜಿ ಕೊಟ್ಟಿದ್ದ. ಒಂದಕ್ಕೂ ಲಿಖಿತ ಉತ್ತರ ಬಂದಿರಲಿಲ್ಲ.

ಹೊರದೇಶದ ಒಂದು ಶಾಲೆ ಗಂಡಹೆಂಡತಿ ಇಬ್ಬರನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ ಎಂದು ಗೊತ್ತಾದಾಗ ಅರ್ಜಿ ಹಾಕಿದವನು ಅವನೇ. ಬಂದರೆ ಇಬ್ಬರೂ ಬರಬೇಕು, ಒಬ್ಬರೇ ಆದರೆ ಬೇಡ, ಇದು ಆ ಶಾಲೆಯ ನಿಯಮ. ಕಂಪ್ಯೂಟರಿನ ಮುಂದೆ ಕೂತು ಇಬ್ಬರೂ ಪಾಠ ಮಾಡಿ ತೋರಿಸಿದರು. ಆರು ವಾರದ ನಂತರ ಒಂದು ಶನಿವಾರ ಒಪ್ಪಂದದ ಕಾಗದ ಬಂತು, ತಲಾ ನಾಲ್ಕು ಪುಟ.

ಮನೆಯಲ್ಲಿದ್ದವರು ನಾಲ್ಕು ಜನ. ಹನ್ನೊಂದು ವರ್ಷದ ಮಗಳು ಕನ್ನಡಿಯ ಮುಂದೆ ನಿಂತು ಆ ದೇಶದ ಭಾಷೆಯಲ್ಲಿ ತನ್ನ ಪರಿಚಯ ಹೇಳಿಕೊಳ್ಳುವುದನ್ನು ಆಗಲೇ ಶುರುಮಾಡಿದ್ದಳು. ಅತ್ತೆಯ ಕಷ್ಟ ಬೇರೆ.

"ನಾನೂ ಬರ್ತೀನಪ್ಪ, ಬರಲ್ಲ ಅಂದೋರ್ಯಾರು?" ಎಂದಳು ಅತ್ತೆ. "ಆದ್ರೆ ಅಲ್ಲಿ ಪಕ್ಕದ ಮನೆಯವಳ ಜೊತೆ ಜಗಳ ಆಡೋಕೆ ಮೊದಲು ಭಾಷೆ ಕಲೀಬೇಕಲ್ಲ. ಅಷ್ಟರೊಳಗೆ ನನ್ನ ಕೋಪ ಆರಿಹೋಗತ್ತೆ."

ಭಾನುವಾರ ಲೆಕ್ಕದ ಟೀಚರು ತನ್ನ ಒಪ್ಪಂದದ ಎರಡು ಪ್ರತಿ ಮುದ್ರಿಸಿಕೊಂಡಳು. ಒಂದು ಓದುವುದಕ್ಕೆ, ಒಂದು ಸಹಿ ಹಾಕಿ ಕಳಿಸುವುದಕ್ಕೆ. ಓದುತ್ತಾ ಮೂರನೆಯ ಪುಟಕ್ಕೆ ಬಂದಳು. ವಾರಕ್ಕೆ ತರಗತಿ ಇಪ್ಪತ್ತೆರಡು ಗಂಟೆ, ಸಂಜೆ ಮಕ್ಕಳನ್ನು ಓದಿಸುವುದು ಆರು, ಹಿಂದುಳಿದವರಿಗೆ ಹೆಚ್ಚಿನ ಪಾಠ ನಾಲ್ಕು. ಒಟ್ಟು ಮೂವತ್ತು ಎಂದು ಅಚ್ಚಾಗಿತ್ತು. ಮೂವತ್ತರ ಸುತ್ತ ಕೆಂಪು ಸುತ್ತು ಬಿತ್ತು. ಪಕ್ಕದಲ್ಲಿ ಅವಳು ಆ ದೇಶದ ಭಾಷೆಯಲ್ಲೇ ಬರೆದಳು: "ಕೂಡಿದ್ದು ತಪ್ಪು. ಮತ್ತೆ ಮಾಡಿ." ನಾಲ್ಕನೆಯ ಪುಟ ಓದಿ ಮುಗಿಸಿ ಕೊನೆಯಲ್ಲಿ ತಾರೀಖು ಹಾಕಿದಳು, ಸಹಿ ಹಾಕಿದಳು, ಮೇಜಿನ ಮೇಲಿಟ್ಟು ಎದ್ದಳು.

ಸೋಮವಾರ ಬೆಳಿಗ್ಗೆ ಗಂಡ ಶಾಲೆಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಅಂಗಡಿಗೆ ಹೋಗಿ ಇಬ್ಬರ ಕಾಗದಗಳನ್ನೂ ಸ್ಕ್ಯಾನ್ ಮಾಡಿಸಿ ಕಳಿಸಿದ. ಸಂಜೆ ಅವಳು ಮೇಜಿನ ಮುಂದೆ ಕೂತು ಇನ್ನೊಂದು ಪ್ರತಿಗೆ ಸಹಿ ಹಾಕಲು ನೀಲಿ ಪೆನ್ನು ಹುಡುಕುತ್ತಿದ್ದಳು.

"ಅದ್ಯಾಕೆ ಈಗ? ಬೆಳಿಗ್ಗೆನೇ ಕಳಿಸಿದೆನಲ್ಲ," ಎಂದ ಅವನು.

"ಏನು ಕಳಿಸಿದ್ರಿ? ನಾನು ಇನ್ನೂ ಸಹಿನೇ ಹಾಕಿಲ್ಲ."

"ಹಾಕಿದ್ದೆಯಲ್ಲ. ಕೊನೇ ಪುಟ ತಿರುಗಿಸಿ ನೋಡಿಯೇ ಕೊಟ್ಟೆ."

ಅವಳು ಕೈಯಲ್ಲಿದ್ದ ಪ್ರತಿಯನ್ನು ತಿರುವಿ ನೋಡಿದಳು. "ರೀ, ಅದು ನಾನು ತಿದ್ದಿದ ಪ್ರತಿ. ಕೆಂಪು ಸಹಿ ನೋಡಿದ ಮೇಲಾದರೂ ಅನುಮಾನ ಬರಲಿಲ್ವಾ ನಿಮಗೆ?"

"ನಿನ್ನ ಸಹಿ ಬೇರೆ ಬಣ್ಣದಲ್ಲಿ ನಾನು ಯಾವತ್ತೇ ನೋಡಿದೀನಿ?"

ಅತ್ತೆ ಒಳಗಿನಿಂದ ಕಿವಿ ನಿಮಿರಿಸಿ ಬಂದಳು. ವಿಷಯ ತಿಳಿದ ಮೇಲೆ ಗಲ್ಲಕ್ಕೆ ಕೈ ಹಚ್ಚಿ ಕೂತಳು. "ಕೆಲಸ ಕೊಡೋರಿಗೇ ಮಾರ್ಕ್ಸ್ ಹಾಕಿದೀಯಲ್ಲೇ! ಪಾಸೋ ಫೇಲೋ, ಅದನ್ನಾದ್ರೂ ಬರೆದ್ಯಾ?"

ಗಂಡ ನಗಲು ನೋಡಿದ. ಹೆಂಡತಿಯ ಮುಖ ಕಂಡು ನಗು ನುಂಗಿಕೊಂಡ. ಕ್ಷಮೆ ಕೇಳಿ ಶುದ್ಧ ಪ್ರತಿ ಕಳಿಸೋಣ ಎಂದ. ಅವಳು ಒಪ್ಪಲಿಲ್ಲ. ಮೂವತ್ತು ತಪ್ಪು, ತಪ್ಪನ್ನು ತಪ್ಪೆಂದದ್ದಕ್ಕೆ ಕ್ಷಮೆ ಕೇಳುವುದು ಅವಳಿಂದಾಗದ ಕೆಲಸ. ಹಾಗೆಂದು ನೆಮ್ಮದಿಯಿತ್ತೇ? ಅದೂ ಇಲ್ಲ.

ಅವಳ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ಮುಂದಿನ ವರ್ಷದ ವೇಳಾಪಟ್ಟಿ ಮಾಡುವವಳು ಅವಳೇ. ಟೀಚರುಗಳ ಕೊಠಡಿಯ ಉದ್ದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೀಟಿ ಕತ್ತರಿಸಿ, ಹಿಂದೆ ಅಂಟು ಸವರಿ ಹಾಳೆಯ ಒಂದೊಂದು ಚೌಕದಲ್ಲಿ ಕೂರಿಸುವುದು ಅವಳ ಪದ್ಧತಿ. ಹಸಿರು ಅವಳ ಬಣ್ಣ, ವಾರಕ್ಕೆ ಇಪ್ಪತ್ತೆಂಟು ಚೀಟಿ. ಶುಕ್ರವಾರ ಮೂರು ಗಂಟೆಗೆ ಹಾಳೆ ಮುಖ್ಯೋಪಾಧ್ಯಾಯಿನಿಯ ಮೇಜಿಗೆ ಹೋಗಬೇಕು. ಬಿಟ್ಟು ಹೋಗುವವರು ರಾಜೀನಾಮೆಯನ್ನೂ ಅಷ್ಟರೊಳಗೆ ಕೊಡಬೇಕು, ತಡವಾದರೆ ಇನ್ನೊಂದು ವರ್ಷ ಬಿಡುವಂತಿಲ್ಲ. ಬಿಟ್ಟ ಮೇಲೆ ಹಿಂತಿರುಗಿ ಬರುವಂತೆಯೂ ಇಲ್ಲ. ರಾಜೀನಾಮೆ ಕೊಟ್ಟ ಮೇಲೆ ಅತ್ತಲಿಂದ ಬೇಡವೆಂದು ಬಂದರೆ ಮನೆಯಲ್ಲಿದ್ದ ಒಂದೇ ಒಂದು ಖಾಯಂ ಹುದ್ದೆಯೂ ಹೋಯಿತು.

ಮಂಗಳವಾರ ಹಸಿರು ಚೀಟಿಗಳನ್ನು ಅವಳು ಎಂದಿನಂತೆ ಕೂರಿಸಿದಳು. ಬುಧವಾರ ಬೆಳಿಗ್ಗೆ ಅಷ್ಟನ್ನೂ ಕಿತ್ತಳು. ಮಧ್ಯಾಹ್ನ ಮತ್ತೆ ಕೂರಿಸಿದಳು.

ಎದುರಿಗೆ ಕೂತಿದ್ದ ಡ್ರಾಯಿಂಗ್ ಟೀಚರು ನೋಡುತ್ತಲೇ ಇದ್ದಳು. "ಮೇಡಂ, ಅಂಟು ನನ್ನ ಕಪಾಟಿನದು. ಹೀಗೇ ಹಾಕ್ತಾ ತೆಗೀತಾ ಇದ್ರೆ ನಾಳೆಗೆ ಸಾಲಲ್ಲ. ಇರ್ತೀರೋ ಹೋಗ್ತೀರೋ ಒಂದು ಹೇಳಿಬಿಡಿ, ಇನ್ನೊಂದು ಡಬ್ಬಿ ತರಿಸ್ತೀನಿ."

"ಗೊತ್ತಾದಾಗ ಹೇಳ್ತೀನಮ್ಮ. ನೀನು ನಿನ್ನ ಬಣ್ಣ ಕಲಸು."

ಫೋನು ಟಣ್ ಎಂದಾಗೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದಳು. ಬಂದದ್ದೆಲ್ಲ ಬೇರೆ ಯಾರದೋ ಶುಭಾಶಯ. ಬುಧವಾರ ಮೂರನೆಯ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಏಳು ಎಂಟಲ ಐವತ್ನಾಲ್ಕು ಎಂದು ಬರೆದಳು. ಇಡೀ ತರಗತಿ ಉಸಿರು ಬಿಗಿಹಿಡಿದು ಕೂತಿತ್ತು. ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲ. ತಾನೇ ನೋಡಿ ಒರೆಸಿದಳು, ಮತ್ತು ಆ ಮೌನ ಅವಳಿಗೆ ಹಿಡಿಸಲಿಲ್ಲ.

"ತಪ್ಪು ಕಂಡ ಮೇಲೂ ಯಾಕ್ರೋ ಸುಮ್ಮನೆ ಕೂತಿದ್ರಿ?" ಎಂದು ಗದರಿಸಿದಳು. ಮಕ್ಕಳು ನೆಲ ನೋಡಿದರು.

ಒಂದು ಮಾತು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಆ ಶಾಲೆಯವರು ಸಿಟ್ಟಾಗಿ ಬೇಡವೆಂದರೆ ಒಳ್ಳೆಯದು ಎಂದು ಅವಳ ಒಳಮನಸ್ಸು ಮೂರು ದಿನದಿಂದ ಹೇಳುತ್ತಿತ್ತು. ತಾನು ಹೋಗಲ್ಲ ಎಂದರೆ ಗಂಡನ ಹನ್ನೊಂದು ವರ್ಷ ಕಣ್ಣೆದುರಿಗೆ ಬರುತ್ತಿತ್ತು. ಅವರೇ ಬೇಡವೆಂದರೆ ತನ್ನ ತಪ್ಪಿಲ್ಲ. ಪರೀಕ್ಷೆಗೆ ಓದದ ಹುಡುಗಿ ಜ್ವರ ಬರಲಿ ಎಂದುಕೊಳ್ಳುವ ಹಾಗಿತ್ತು ಇದು. ಅಂಥ ಹುಡುಗಿಯರನ್ನು ಅವಳು ನೂರಾರು ಕಂಡಿದ್ದಳು, ಒಬ್ಬಳನ್ನೂ ಮನ್ನಿಸಿರಲಿಲ್ಲ.

ಗುರುವಾರ ಸಂಜೆ ಉತ್ತರ ಬಂತು. ಗಂಡ ಓದಿದ, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ, ಆಮೇಲೆ ಜೋರಾಗಿ ಓದಿ ಹೇಳಿದ. ನಿಮ್ಮ ಎಣಿಕೆ ಸರಿ. ಈ ನಮೂನೆ ಐದು ವರ್ಷದಿಂದ ಬಳಕೆಯಲ್ಲಿದೆ, ತಪ್ಪನ್ನು ಈವರೆಗೆ ಯಾರೂ ತೋರಿಸಿರಲಿಲ್ಲ. ಒಟ್ಟು ಮೂವತ್ತೆರಡು ಎಂದು ತಿದ್ದಿದ್ದೇವೆ. ಹೊಸ ಪ್ರತಿಗೆ ನೀಲಿ ಅಥವಾ ಕಪ್ಪು ಶಾಯಿಯಲ್ಲಿ ಸಹಿ ಹಾಕಿ ಕಳಿಸಿ.

"ಅಂದ್ರೆ ಎರಡು ಗಂಟೆ ಜಾಸ್ತಿ ಆಯ್ತಾ?" ಎಂದಳು ಅತ್ತೆ. "ಬಾಯಿ ಮುಚ್ಕೊಂಡಿದ್ದಿದ್ರೆ ಮೂವತ್ತರಲ್ಲಿ ಮುಗೀತಿತ್ತಲ್ಲೇ! ಕೇಳಿ ಕೇಳಿ ಹೊರೆ ಹೊತ್ಕೊಳ್ಳೋರನ್ನ ನಾನು ಇವತ್ತೇ ನೋಡಿದ್ದು."

ಮಗಳು ಕಿಸಕ್ಕೆಂದಳು. ಗಂಡ ಮಾತ್ರ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ನೋಡು, ನಿನಗೆ ಇಷ್ಟ ಇಲ್ಲದಿದ್ರೆ ಬಿಟ್ಟುಬಿಡೋಣ," ಎಂದ. "ನನಗೆ ಹನ್ನೊಂದಾಯ್ತು, ಹನ್ನೆರಡನೇದೂ ಆಗತ್ತೆ. ಖಾಯಂ ಬಿಟ್ಟು ಬರ್ತಿರೋಳು ನೀನು. ನನಗಿಲ್ಲಿ ಬಿಡೋದಕ್ಕೆ ಏನಿದೆ?"

ತನ್ನ ಹುದ್ದೆಯ ಬಗ್ಗೆ ಅವನು ತಮಾಷೆಯಿಲ್ಲದೆ ಮಾತಾಡಿದ್ದು ಅವಳಿಗೆ ನೆನಪಿದ್ದಂತೆ ಅದೇ ಮೊದಲು. ಉತ್ತರದ ಜೊತೆ ಬಂದಿದ್ದ ಹೊಸ ಪ್ರತಿ ಮುದ್ರಿಸಿಕೊಂಡು ಮೂರನೆಯ ಪುಟ ನೋಡಿದಳು. ಬೆರಳಿಟ್ಟು ಕೂಡಿದಳು. ಮೂವತ್ತೆರಡು. ಗಂಡನ ಒಪ್ಪಂದದಲ್ಲೂ ಅದೇ ಪುಟ ಬದಲಾಗಿತ್ತು. ಅವನ ಕಾಗದದಲ್ಲಿ ಅವಳು ಸುತ್ತು ಹಾಕಿರಲಿಲ್ಲ.

"ನೀವು ಏಳು ಅರ್ಜಿ ಕೊಟ್ರಿ," ಎಂದಳು. "ಇಲ್ಲಿ ಯಾರಾದ್ರೂ ಒಂದಕ್ಕಾದ್ರೂ ಇಲ್ಲ ಅಂತ ಬರೆದು ಕೊಟ್ರಾ?"

"ಇಲ್ಲ."

"ನಾನು ಒಂದು ಸುತ್ತು ಹಾಕಿದ್ದಕ್ಕೆ ಅವರು ನಾಲ್ಕನೇ ದಿನಕ್ಕೆ ಉತ್ತರ ಬರೆದಿದಾರೆ. ನೀಲಿ ಪೆನ್ನು ಕೊಡಿ."

"ಅಜ್ಜಿ, ಕೆಂಪು ಪೆನ್ನು ಬಚ್ಚಿಡು!" ಎಂದು ಮಗಳು ಕೂಗಿದಳು. ಅತ್ತೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ನನ್ನು ಮುಟ್ಟಿ ತೋರಿಸಿದಳು. ಸೋಮವಾರದಿಂದ ಅದು ಅಲ್ಲೇ ಇತ್ತು.

ಅವಳು ಮೂವತ್ತೆರಡರ ಪಕ್ಕ ಒಂದು ನೀಲಿ ಗೀಟು ಎಳೆದು, ಕೊನೆಯ ಪುಟಕ್ಕೆ ಸಹಿ ಹಾಕಿದಳು. ಬೇರೆ ಪ್ರತಿ ಮುದ್ರಿಸೋಣವೇ ಎಂದು ಗಂಡ ಕೇಳಿದ. ಬೇಡವೆಂದಳು.

ಶುಕ್ರವಾರ ಮಧ್ಯಾಹ್ನ ಗಂಡನ ಚೀಟಿಗಳನ್ನು ಕಿತ್ತ ಮೇಲೆ ತನ್ನ ಹಸಿರು ಚೀಟಿಗಳನ್ನೂ ಒಂದೊಂದಾಗಿ ಎಬ್ಬಿಸಿ ಆ ಜಾಗಗಳಲ್ಲಿ "ಹೊಸಬರು" ಎಂದು ಬರೆದ ಬಿಳಿ ಚೀಟಿ ಕೂರಿಸಿದಳು. ಶನಿವಾರದ ಕೊನೆಯ ಪೀರಿಯಡ್ಡು, ಮಕ್ಕಳು ಕಿವಿಗೊಡದ ಹೊತ್ತು, ಹತ್ತೊಂಬತ್ತು ವರ್ಷ ತಾನೇ ಇಟ್ಟುಕೊಂಡಿದ್ದದ್ದು. ಅದನ್ನು ಹೊಸಬರಿಗೆ ಕೊಡದೆ ಡ್ರಾಯಿಂಗಿಗೆ ಕೊಟ್ಟಳು. ಡ್ರಾಯಿಂಗ್ ಟೀಚರು ಬಗ್ಗಿ ನೋಡಿ, "ಅಂಟು ಕೊಟ್ಟ ಋಣ ತೀರಿಸಿದ್ರಲ್ಲ ಮೇಡಂ," ಎಂದಳು.

ಮೂರಕ್ಕೆ ಐದು ನಿಮಿಷವಿರುವಾಗ ಹಾಳೆಯ ಮೇಲೆ ಎರಡು ರಾಜೀನಾಮೆ ಇಟ್ಟು ಮುಖ್ಯೋಪಾಧ್ಯಾಯಿನಿಯ ಮುಂದೆ ನಿಂತಳು. ಆಕೆ ಓದಿ ತಲೆಯೆತ್ತಿದರು.

"ಯೋಚನೆ ಮಾಡಿದ್ದೀರಾ?"

"ಮಾಡಿದ್ದೀನಿ ಮೇಡಂ. ಭಯ ಹೋಗಿಲ್ಲ."

"ಇಬ್ಬರೂ ಒಂದೇ ಸಲ ಅಂದ್ರೆ ನಾನೇನು ಮಾಡಲಿ?"

"ಅವರದು ತಾತ್ಕಾಲಿಕ ಅಂತ ನೀವೇ ಹೇಳ್ತಿದ್ರಲ್ಲ," ಎಂದು ಅವಳು ಹೊರಗೆ ಬಂದಳು.

ಕಿತ್ತ ಹಸಿರು ಚೀಟಿಗಳನ್ನು ಲಕೋಟೆಗೆ ಹಾಕುವಾಗ ಎಣಿಸಿದಳು. ಇಪ್ಪತ್ತೇಳು. ಮತ್ತೆ ಎಣಿಸಿದಳು, ಇಪ್ಪತ್ತೇಳೇ. ಮೇಜಿನ ಕೆಳಗೆ, ಕುರ್ಚಿಯ ಸಂದಿಯಲ್ಲಿ ಹುಡುಕಿದಳು. ಕೆಟ್ಟ ಯೋಚನೆಯೊಂದು ತಲೆ ಹೊಕ್ಕಿತು: ಹಾಳೆಯ ಮೇಲೇ ಒಂದು ಉಳಿದಿರಬೇಕು. ಓಡಿಹೋಗಿ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿನ ಹಾಳೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಬೆರಳಾಡಿಸಿದಳು. ಹಸಿರು ಎಲ್ಲೂ ಇರಲಿಲ್ಲ. ದಾರಿಯುದ್ದಕ್ಕೂ ಆ ಒಂದು ಚೀಟಿಯೇ ತಲೆಯಲ್ಲಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಅತ್ತೆ ಕೂಗಿದಳು. "ನಿನ್ನ ಚಪ್ಪಲಿಗೇನೋ ಮೆತ್ಕೊಂಡಿದೆ ನೋಡೇ. ಊರೆಲ್ಲಾ ಎಳ್ಕೊಂಡು ಬಂದಿದೀಯ."

ಮಗುಚಿ ಬಿದ್ದ ಚಪ್ಪಲಿಯ ತಳಕ್ಕೆ ಅಂಟಿದ್ದ ಹಸಿರು ಚೀಟಿ ಮಣ್ಣು ಹತ್ತಿ ಅರ್ಧ ಕಪ್ಪಾಗಿತ್ತು. ಅವಳು ಉಗುರಿನಿಂದ ಕೆರೆದು ತೆಗೆದಳು, ಉಳಿದವುಗಳ ಲಕೋಟೆಗೆ ಹಾಕಿ ಇನ್ನೊಮ್ಮೆ ಎಣಿಸಿದಳು. ಇಪ್ಪತ್ತೆಂಟು. ಲಕೋಟೆಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆಯಲು ಹೋದಳು. ಒಳಗೆ ಮಗಳು ಕನ್ನಡಿಯ ಮುಂದೆ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದಳು. ಈ ಸಲ ಅಜ್ಜಿಯೂ ಅವಳ ಹಿಂದೆ ಹಿಂದೆ ಹೇಳುತ್ತಿದ್ದಳು.